ಗೆರೆ ಮೊದಲು, ಸಮೀಕರಣ ಆಮೇಲೆ

ಎಸ್ಸೆಸ್ಸೆಲ್ಸಿ ಗಣಿತದ 80 ಅಂಕಗಳ ಪತ್ರಿಕೆಯಲ್ಲಿ ನಾಲ್ಕು ಅಂಕ ಗ್ರಾಫಿನದು. ಎರಡು ಸಮೀಕರಣ ಕೊಟ್ಟಿರುತ್ತಾರೆ, ನಕ್ಷಾ ವಿಧಾನದಿಂದ ಬಿಡಿಸಬೇಕು. ನವಲಗುಂದ ತಾಲೂಕಿನ ತಿರ್ಲಾಪುರದಂಥ ಊರುಗಳಲ್ಲಿ ಓದುವ ಮಕ್ಕಳಿಗೂ ಇದು ಚೆನ್ನಾಗಿ ಗೊತ್ತು. ಪರೀಕ್ಷೆ ಹತ್ತಿರ ಬಂದಂತೆ ಈ ಕಡೆಯ ಹೈಸ್ಕೂಲುಗಳಲ್ಲಿ ಕೇಳಿಬರುವ ಮಾತು ಒಂದೇ: “ಬ್ಯಾರೆ ಏನರ ಬಿಡ್ರಿ, ಗ್ರಾಫ್ ಮಾತ್ರ ಬಿಡಬ್ಯಾಡ್ರಿ. ನಾಕ್ ಮಾರ್ಕ್ಸ್ ಕೈಯಾಗ ಇದ್ದಂಗ.” ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕಲಿಸುವ ಪಾಸಿಂಗ್ ಪ್ಯಾಕೇಜಿನಲ್ಲಿ ಗ್ರಾಫಿಗೆ ಮೊದಲ ಸಾಲಿನಲ್ಲೇ ಜಾಗ. ಮನೆಯಲ್ಲಿ ಓದಿಸುವವರಿಲ್ಲದ ಮಗುವನ್ನು ದಡ ಮುಟ್ಟಿಸಲು ಶಿಕ್ಷಕರು ಹಿಡಿದ ದಾರಿ ಅದು. ಅದನ್ನು ನಾನು ಹೀಗಳೆಯುವುದಿಲ್ಲ.

ಆದರೆ ಆ ನಾಲ್ಕು ಅಂಕ ಹೇಗೆ ಬರುತ್ತವೆ ಎಂದು ಹತ್ತಿರದಿಂದ ನೋಡಬೇಕು. ಎಕ್ಸ್ + ವೈ = 5 ಮತ್ತು 2ಎಕ್ಸ್ − ವೈ = 4 ಎಂಬ ಜೋಡಿಯನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿ ಎರಡು ಕೋಷ್ಟಕ ಹಾಕುತ್ತಾನೆ. ಎಕ್ಸ್‌ಗೆ 0, 1, 2 ಕೊಟ್ಟು ಮೊದಲನೆಯದರಲ್ಲಿ 5, 4, 3 ಎಂದೂ ಎರಡನೆಯದರಲ್ಲಿ −4, −2, 0 ಎಂದೂ ತೆಗೆಯುತ್ತಾನೆ. ಬಿಂದು ಗುರುತಿಸಿ, ಸ್ಕೇಲಿಟ್ಟು ಗೆರೆ ಎಳೆಯುತ್ತಾನೆ. ಗೆರೆಗಳು ಕೂಡುವ ಜಾಗದಲ್ಲಿ (3, 2) ಎಂದು ಬರೆದು ಮುಗಿಸುತ್ತಾನೆ. ಪೂರಾ ಅಂಕ. ಅದೇ ಹಾಳೆಯನ್ನು ಮುಂದಿಟ್ಟು ಕೇಳಿ: ಮೊದಲ ಗೆರೆ ಇಳಿಯುತ್ತಿದೆ, ಎರಡನೆಯದು ಏರುತ್ತಿದೆ, ಏರಿಳಿತವನ್ನು ಸಮೀಕರಣದ ಯಾವ ಭಾಗ ಹೇಳುತ್ತದೆ? 5ರ ಬದಲು 7 ಇದ್ದರೆ ಗೆರೆ ಎಲ್ಲಿಗೆ ಸರಿಯುತ್ತಿತ್ತು? ಬಿಂದು ಹಾಕದೆ ಬರೀ ಬೆರಳಲ್ಲಿ ತೋರಿಸು. ಇಲ್ಲಿ ಬಹಳ ಮಕ್ಕಳು ನಿಂತುಬಿಡುತ್ತಾರೆ, ಪೂರಾ ಅಂಕ ತೆಗೆದವರೂ. ಅವರ ಮಟ್ಟಿಗೆ ಗ್ರಾಫ್ ಎಂದರೆ ಲೆಕ್ಕ ಮುಗಿದ ಮೇಲೆ ಬರೆಯುವ ಚಿತ್ರ. ಸಮೀಕರಣವನ್ನೂ ಗೆರೆಯನ್ನೂ ಕೂಡಿಸುವ ಸೇತುವೆ ಮೂರು ಬಿಂದುಗಳ ಒಂದು ಕೋಷ್ಟಕ ಮಾತ್ರ. ಅದನ್ನು ತೆಗೆದರೆ ಆಚೆ ದಡ ಕಾಣುವುದಿಲ್ಲ.

ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ನಾವು ಪಾಠವನ್ನು ಜೋಡಿಸಿದ ಕ್ರಮವೇ ಹಾಗಿದೆ: ಮೊದಲು ಸಮೀಕರಣ, ಆಮೇಲೆ ಕೋಷ್ಟಕ, ಕೊನೆಗೆ ಗೆರೆ. ಕೊನೆಯಲ್ಲಿ ಬರುವುದು ಅಲಂಕಾರವೆಂದು ಕಾಣುವುದು ಸಹಜ. ಕೋವಿಡ್ ನಂತರ 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯದ ಭಾರ ಇಳಿಸಿದಾಗ ಒಂಬತ್ತನೇ ತರಗತಿಯ ‘ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ’ದ ಪಾಠದಿಂದ ಕೈಬಿಟ್ಟದ್ದು ಗ್ರಾಫಿನ ಭಾಗವನ್ನೇ. ಸಮೀಕರಣ ಉಳಿಯಿತು, ಗೆರೆ ಹೋಯಿತು. ಇದರಿಂದ ಹಗುರವಾದದ್ದು ಪುಸ್ತಕ. ಮಗುವಿನ ಹೊರೆ ಹೆಚ್ಚಿತು ಎಂದೇ ನಾನು ತಿಳಿದಿದ್ದೇನೆ. ಹತ್ತನೆಯಲ್ಲಿ ಎರಡು ಗೆರೆಗಳನ್ನು ಕೂಡಿಸಬೇಕಾದವನು ಒಂಬತ್ತನೆಯಲ್ಲಿ ಒಂದು ಗೆರೆಯ ಸ್ವಭಾವವನ್ನಾದರೂ ತಿಳಿದಿರಬೇಡವೇ?

ಗಣಿತದ ಚರಿತ್ರೆ ಈ ಕ್ರಮದಲ್ಲಿ ನಡೆದಿಲ್ಲ. ವಕ್ರರೇಖೆಗೆ ಸಮೀಕರಣ ಬರೆಯುವ ವಿದ್ಯೆಯನ್ನು ದೇಕಾರ್ತ್ ಪ್ರಕಟಿಸಿದ್ದು 1637ರಲ್ಲಿ. ಅದಕ್ಕೂ ಸುಮಾರು ಮುನ್ನೂರು ವರ್ಷ ಮೊದಲು, ಹದಿನಾಲ್ಕನೇ ಶತಮಾನದ ಫ್ರಾನ್ಸಿನಲ್ಲಿ ನಿಕೋಲ್ ಒರೆಮ್ ಎಂಬ ಪಾದ್ರಿ ಕಾಲವನ್ನು ಅಡ್ಡ ಗೆರೆಯಾಗಿ, ಆಯಾ ಕ್ಷಣದ ವೇಗವನ್ನು ಅದರ ಮೇಲೆ ನೆಟ್ಟ ಗೆರೆಗಳಾಗಿ ಎಳೆದು, ಒಂದೇ ಸಮನೆ ಹೆಚ್ಚುವ ವೇಗ ತ್ರಿಕೋನದ ಆಕಾರ ತಾಳುತ್ತದೆಂದು ತೋರಿಸಿದ. ಆ ತ್ರಿಕೋನದ ವಿಸ್ತೀರ್ಣದಿಂದಲೇ ಸಾಗಿದ ದೂರವನ್ನು ಹೇಳಿದ. ಅವನ ಕೈಯಲ್ಲಿ ಎಕ್ಸ್ ಇರಲಿಲ್ಲ, ವೈ ಇರಲಿಲ್ಲ, ಚೌಕುಳಿ ಹಾಳೆಯೂ ಇರಲಿಲ್ಲ. ಒಂದು ಬದಲಾದಂತೆ ಇನ್ನೊಂದು ಹೇಗೆ ಬದಲಾಗುತ್ತದೆ ಎಂಬ ಪ್ರಶ್ನೆ ಇತ್ತು, ಅದಕ್ಕೊಂದು ಆಕಾರ ಇತ್ತು. ಬೀಜಗಣಿತ ಬಂದು ಕೂಡಿಕೊಂಡದ್ದು ತಡವಾಗಿ.

ಆ ಪ್ರಶ್ನೆ ತಿರ್ಲಾಪುರದ ಮಗುವಿಗೆ ಹೊಸದಲ್ಲ ಎಂಬುದೇ ನನ್ನ ವಾದದ ಆಧಾರ. ನವಲಗುಂದದ ಎರೆಹೊಲಗಳ ಸೀಮೆ ಇದು. ಹೆಸರು, ಹತ್ತಿ, ಕಡಲೆ, ಜೋಳ, ಉಳ್ಳಾಗಡ್ಡಿ ಬೆಳೆಯುವ ಕಡೆ. ನೆಲದೊಳಗಿನ ನೀರು ಬಹುಪಾಲು ಸವಳು, ಆದ್ದರಿಂದ ಮಳೆ ನೀರು ಹಿಡಿಯುವುದೊಂದು ಬದುಕಿನ ಲೆಕ್ಕ. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಿಂದ ಈ ಕಡೆ ಕೃಷಿ ಹೊಂಡಗಳು ಹೆಚ್ಚಾದವು. ಹೊಂಡ ಬಾವಿಯ ಹಾಗೆ ನೇರ ಗೋಡೆಯದಲ್ಲ. ಮೇಲೆ ಅಗಲ, ತಳ ಕಿರಿದು. ನೇರ ಕಡಿದರೆ ಎರೆಮಣ್ಣಿನ ಗೋಡೆ ಕುಸಿಯುತ್ತದೆ.

ಹೊಂಡವಿರುವ ಮನೆಯ ಹುಡುಗನನ್ನು ಕೇಳಿ: ಮೋಟರ್ ಒಂದೇ, ದಿನಾ ಓಡುವ ಹೊತ್ತೂ ಒಂದೇ, ಹೊಂಡದ ನೀರು ಒಂದೇ ಸಮ ಇಳಿಯುತ್ತದೇನು? “ಇಲ್ರಿ, ತುಂಬಿದಾಗ ಇಳದಿದ್ದ ಗೊತ್ತಾಗಂಗಿಲ್ಲ. ತಳಕ್ಕ ಬಂದಂಗ ಲಗೂ ಲಗೂ ಇಳೀತೈತಿ” ಎನ್ನುತ್ತಾನೆ. ಈ ಮಾತಿನಲ್ಲಿ ಒಂದು ವಕ್ರರೇಖೆ ಪೂರ್ತಿಯಾಗಿ ಇದೆ. ಅವನ ಕೈಗೆ ಸೀಮೆಸುಣ್ಣ ಕೊಟ್ಟು, ಅಡ್ಡ ದಿನಗಳು, ಉದ್ದ ನೀರಿನ ಆಳ ಎಂದು ಎರಡು ಗೆರೆ ಎಳೆದು, ಅಂಕಿ ಒಂದನ್ನೂ ಬರೆಯದೆ, ನೀನು ಹೇಳಿದ್ದನ್ನು ಬರಿ ಎನ್ನಬೇಕು. ಹಲವರು ಮೊದಲು ನೇರ ಗೆರೆಯನ್ನೇ ಎಳೆಯುತ್ತಾರೆ. ಹಾಗಾದರೆ ದಿನಾ ಇಷ್ಟೇ ಇಷ್ಟು ಇಳಿಯಿತು ಎಂದಾಯಿತಲ್ಲ ಎಂದು ಕೇಳಿದರೆ ಅಳಿಸಿ, ಮೊದಲು ಮೆಲ್ಲಗೆ ಬಾಗಿ ಆಮೇಲೆ ಕಡಿದಾಗಿ ಬೀಳುವ ಗೆರೆ ಎಳೆಯುತ್ತಾರೆ. ತನ್ನ ಗೆರೆ ತನ್ನ ಅನುಭವಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ಮಗು ತಾನೇ ತಾಳೆ ನೋಡುವ ಆ ಗಳಿಗೆ ನನ್ನ ಮಟ್ಟಿಗೆ ಇಡೀ ಪಾಠದ ಜೀವ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಶೆಲ್ ಸೆಂಟರಿನಲ್ಲಿ ಮಾಲ್ಕಮ್ ಸ್ವಾನ್ ಮತ್ತು ಜೊತೆಗಾರರು 1985ರಲ್ಲಿ ತಂದ ಪಾಠಮಾಲೆಯಲ್ಲಿ ಬೇರೆ ಬೇರೆ ಆಕಾರದ ಬಾಟಲಿಗಳಿಗೆ ನೀರು ತುಂಬಿಸಿ ಗ್ರಾಫ್ ಊಹಿಸಲು ಹೇಳಿದ್ದರು. ನಮಗೆ ಬಾಟಲಿ ಬೇಕಿಲ್ಲ, ಹೊಂಡವೇ ಇದೆ.

ಇನ್ನು ಅಂಕಿ ತರೋಣ. ಕೃಷಿಭಾಗ್ಯದ ಅಳತೆಗಳಲ್ಲೊಂದು ಮೇಲೆ 21 ಮೀಟರ್ ಚೌಕ, ಆಳ 3 ಮೀಟರ್. ಒಂದು ಮೀಟರ್ ಇಳಿದರೆ ನಾಲ್ಕೂ ಬದಿಯಿಂದ ಒಂದು ಮೀಟರ್ ಒಳಗೆ ಬರುವಂತೆ ಇಳಿಜಾರು ಕಡಿದರೆ ತಳ 15 ಮೀಟರ್ ಚೌಕ. ತಳದಿಂದ ‘ಆ’ ಮೀಟರ್ ಎತ್ತರಕ್ಕೆ ನೀರು ನಿಂತಾಗ ನೀರಿನ ಬದಿ 15 + 2ಆ. ಮೇಲ್ಮೈ ಅದರ ವರ್ಗ. ತಳದಲ್ಲಿ 225 ಚದರ ಮೀಟರ್, ಒಂದು ಮೀಟರ್ ಮೇಲೆ 289, ಎರಡಕ್ಕೆ 361, ತುಂಬಿದಾಗ 441. ಕೆಳಗಿನ ಒಂದು ಮೀಟರಿನಲ್ಲಿ ಹಿಡಿಯುವ ನೀರು ಸುಮಾರು 256 ಘನ ಮೀಟರ್, ನಡುವಿನದರಲ್ಲಿ 324, ಮೇಲಿನದರಲ್ಲಿ 400. ದಿನಕ್ಕೆ 20 ಘನ ಮೀಟರ್ ಎತ್ತಿದರೆ ಮೇಲಿನ ಮೀಟರು 20 ದಿನ ಬರುತ್ತದೆ, ನಡುವಿನದು 16 ದಿನ, ಕೆಳಗಿನದು 13 ದಿನಕ್ಕೂ ಸಾಲದು. ಹುಡುಗ ಹೇಳಿದ ಲಗೂ ಲಗೂ ಎಂಬುದಕ್ಕೆ ಈಗ ಅಳತೆ ಸಿಕ್ಕಿತು. ಅವನು ಬಾಗಿಸಿ ಎಳೆದ ಗೆರೆ ಎಷ್ಟು ಬಾಗಬೇಕಿತ್ತು ಎಂಬುದೂ ಸಿಕ್ಕಿತು.

ಇದೇ ಸಂಗತಿಯನ್ನು ದೊಡ್ಡದಾಗಿ ನೋಡಬೇಕೆಂದರೆ ಮಳೆಗಾಲದಲ್ಲಿ ದಿನಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯನ್ನು ತೆಗೆಯಿರಿ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿರುವ ಮಲಪ್ರಭಾ ಅಣೆಕಟ್ಟಿನ ಪೂರ್ಣ ಮಟ್ಟ 2079.50 ಅಡಿ, ಸಾಮರ್ಥ್ಯ 37.73 ಟಿಎಂಸಿ ಅಡಿ. ಮಟ್ಟ ಒಂದು ಅಡಿ ಏರಿದರೆ ನೀರು ಎಷ್ಟು ಕೂಡಿತು ಎಂಬುದಕ್ಕೆ ಒಂದೇ ಉತ್ತರವಿಲ್ಲ; ತಳದ ಅಡಿಗೆ ಕಡಿಮೆ, ಮೇಲಿನ ಅಡಿಗೆ ಹೆಚ್ಚು. ನವಲಗುಂದದವರಿಗೆ ಈ ಅಂಕಿಗಳು ಬರೀ ಸುದ್ದಿಯಲ್ಲ. ಈ ಅಣೆಕಟ್ಟಿನ ಕಾಲುವೆ ನೀರು ನೆಟ್ಟಗೆ ಮುಟ್ಟದ ಹೊಲಕ್ಕೂ ಕರ ಕೇಳಿದ್ದು ರೈತರ ಸಿಟ್ಟಾಗಿ 1980ರ ಜುಲೈ 21ರಂದು ಸ್ಫೋಟಿಸಿದ ಊರು ಇದು. ಕಾಲುವೆ ನೀರು ಯಾವಾಗ ಬಿಟ್ಟಾರು ಎಂದು ದಿನವೂ ಪಟ್ಟಿ ನೋಡುವ ರೈತನ ಮಗಳು ಎರಡು ವಾರದ ಮಟ್ಟವನ್ನೂ ಸಂಗ್ರಹವನ್ನೂ ಚೌಕುಳಿ ಹಾಳೆಯಲ್ಲಿ ಗುರುತಿಸಿದರೆ ನೇರ ಗೆರೆಯಾಗದ ಸಂಬಂಧವೊಂದನ್ನು ತನ್ನ ಕೈಯಿಂದಲೇ ಕಾಣುತ್ತಾಳೆ. ಅಣೆಕಟ್ಟಿನ ಎಂಜಿನಿಯರುಗಳು ಬಳಸುವುದೂ ಇಂಥ ವಕ್ರರೇಖೆಯನ್ನೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಗಟ್ಟಿಯಾದ ಆಕ್ಷೇಪ. ಹೊಂಡ, ಹೊಲ, ಕಾಲುವೆ ಎಂದು ಹಳ್ಳಿಯ ಮಗುವನ್ನು ಹಳ್ಳಿಯಲ್ಲೇ ಕಟ್ಟಿಹಾಕಿದರೆ ಬೀಜಗಣಿತ ಕಲಿಯುವುದು ಯಾವಾಗ? ಬೀಜಗಣಿತದ ಶಕ್ತಿ ಇರುವುದೇ ವಸ್ತುವನ್ನು ಬಿಟ್ಟು ಹೋಗುವುದರಲ್ಲಿ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪುವುದರಿಂದಲೇ ಹೊಂಡವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕೆನ್ನುತ್ತೇನೆ.

(15 + 2ಆ)ದ ವರ್ಗವನ್ನು ಬಿಡಿಸಿದರೆ 4ಆ² + 60ಆ + 225. ಹತ್ತನೇ ತರಗತಿಯಲ್ಲಿ ಇದರ ಶೋಧಕ ಕಂಡುಹಿಡಿಯಲು ಹೇಳಿದರೆ 3600ರಲ್ಲಿ 3600 ಕಳೆದು ಸೊನ್ನೆ ಎನ್ನುತ್ತಾರೆ; ಮೂಲಗಳು ಸಮ, ಆ = −7.5 ಎಂದು ಬರೆಯುತ್ತಾರೆ. ಆಳ ಋಣವಾಗುವುದೆಂದರೇನು? ಹೊಂಡದಲ್ಲಿ ಅದಕ್ಕೆ ಅರ್ಥವಿಲ್ಲ ಎಂದು ಬಿಟ್ಟುಬಿಡುವುದು ವಾಡಿಕೆ. ಬಿಡಬಾರದು. ಹೊಂಡದ ಇಳಿಜಾರು ಗೋಡೆಗಳನ್ನು ತಳದಿಂದ ಕೆಳಕ್ಕೆ, ನೆಲದೊಳಕ್ಕೆ, ಹಾಗೇ ಮುಂದುವರಿಸಿದರೆ ನಾಲ್ಕೂ ಒಂದು ಕಡೆ ಕೂಡುತ್ತವೆ. ತಳದ ಅರ್ಧ ಅಗಲ ಏಳೂವರೆ ಮೀಟರ್. ಗೋಡೆ ಮೀಟರಿಗೆ ಮೀಟರ್ ಒಳಗೆ ಬರುತ್ತದೆ. ಆದ್ದರಿಂದ ಏಳೂವರೆ ಮೀಟರ್ ಕೆಳಗೆ ಹೊಂಡ ಒಂದು ಚುಕ್ಕೆಯಾಗುತ್ತದೆ. ಅಲ್ಲಿ ವಿಸ್ತೀರ್ಣ ಸೊನ್ನೆ. ಗ್ರಾಫಿನಲ್ಲಿ ಪರವಲಯ ಅಡ್ಡ ಅಕ್ಷವನ್ನು ಮುಟ್ಟುವುದು ಸರಿಯಾಗಿ ಆ ಜಾಗದಲ್ಲಿ, ಮುಟ್ಟುತ್ತದೆ, ಕತ್ತರಿಸುವುದಿಲ್ಲ.

ಈಗ ಚೌಕದ ಬದಲು ಆಯತದ ಹೊಂಡ ತೆಗೆದುಕೊಳ್ಳಿ, ತಳ 15ಕ್ಕೆ 9 ಮೀಟರ್. ಮೇಲ್ಮೈ (15 + 2ಆ)(9 + 2ಆ). ಸೊನ್ನೆಗಳು ಎರಡು: −7.5 ಮತ್ತು −4.5. ನೆಲದೊಳಗೆ ಏನಾಯಿತು? ಹತ್ತಿರವಿದ್ದ ಗೋಡೆಗಳ ಜೋಡಿ ನಾಲ್ಕೂವರೆ ಮೀಟರಿಗೇ ಕೂಡಿತು, ದೂರದ ಜೋಡಿ ಏಳೂವರೆಗೆ ಕೂಡುವುದಿತ್ತು. ಮೊದಲು ಒಂದೇ ಜಾಗದಲ್ಲಿ ಮುಟ್ಟುತ್ತಿದ್ದ ಪರವಲಯ ಈಗ ಅಕ್ಷವನ್ನು ಎರಡು ಕಡೆ ಕತ್ತರಿಸುತ್ತದೆ, ನಡುವೆ ಕೆಳಗಿಳಿದು ಋಣವಾಗುತ್ತದೆ. ಅಲ್ಲಿಂದಾಚೆ ಹೊಂಡ ಸುಮ್ಮನಾಗುತ್ತದೆ. ಸಮೀಕರಣ ಮಾತ್ರ ಮಾತಾಡುತ್ತಲೇ ಇರುತ್ತದೆ. ಶೋಧಕ ಸೊನ್ನೆಯಾದರೆ ಮೂಲಗಳು ಸಮ, ಸೊನ್ನೆಗಿಂತ ಹೆಚ್ಚಾದರೆ ಮೂಲಗಳು ಭಿನ್ನ ಎಂದು ಚೌಕಟ್ಟಿನಲ್ಲಿ ಬರೆದು ಬಾಯಿಪಾಠ ಮಾಡಿಸುವ ನಿಯಮಕ್ಕೆ ಹೀಗೆ ಕಣ್ಣು ಬರುತ್ತದೆ. ಹೊಲದಿಂದ ಹೊರಟು, ಹೊಲದಲ್ಲಿಲ್ಲದ ಜಾಗಕ್ಕೆ ಮಗು ತಾನೇ ನಡೆದು ಹೋಗುತ್ತದೆ. ಅಮೂರ್ತಕ್ಕೆ ಹೋಗುವ ದಾರಿ ಇದೇ ಎಂದು ನಂಬಿದ್ದೇನೆ.

ಎರಡನೆಯ ಉದಾಹರಣೆ ಹುಬ್ಬಳ್ಳಿ–ಗದಗ ನಡುವಿನ ಅಣ್ಣಿಗೇರಿಯ ರೈಲು ಹಳಿಯ ಮೇಲಿದೆ. ಹುಬ್ಬಳ್ಳಿಯಲ್ಲಿ ರೈಲುಗಳ ಓಡಾಟ ನಿಯಂತ್ರಿಸುವ ಕಂಟ್ರೋಲ್ ಕಚೇರಿಯಲ್ಲಿ ಗ್ರಾಫ್ ಎಂದರೆ ನಿತ್ಯದ ಕೆಲಸದ ಸಾಧನ. ಮೊದಲು ಪೆನ್ಸಿಲಿನಿಂದ ದೊಡ್ಡ ಹಾಳೆಯ ಮೇಲೆ ಎಳೆಯುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ ಮೂಡುತ್ತದೆ. ಅಡ್ಡ ಅಕ್ಷದಲ್ಲಿ ಸಮಯ, ಉದ್ದ ಅಕ್ಷದಲ್ಲಿ ಒಂದರ ಮೇಲೊಂದು ಸ್ಟೇಷನ್ನುಗಳು. ಪ್ರತಿ ರೈಲೂ ಒಂದು ಓರೆ ಗೆರೆ. ವೇಗದ ಗಾಡಿಯದು ಕಡಿದು, ಗೂಡ್ಸಿನದು ಮಲಗಿದಂತೆ, ನಿಂತ ಗಾಡಿಯದು ಪೂರಾ ಅಡ್ಡ.

ಲೆಕ್ಕ ಸುಲಭವಾಗಲೆಂದು ಹುಬ್ಬಳ್ಳಿಯಿಂದ ಗದಗಿಗೆ 60 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ, ಎರಡೂ ಕಡೆಯ ಗಾಡಿಗಳು ಒಂದೇ ಹೊತ್ತಿಗೆ ಹೊರಟು ನಿಮಿಷಕ್ಕೆ ಒಂದು ಕಿಲೋಮೀಟರ್ ಓಡಲಿ. ಸಮಯ ಸ ನಿಮಿಷ, ಹುಬ್ಬಳ್ಳಿಯಿಂದ ಇರುವ ದೂರ ದ ಕಿಲೋಮೀಟರ್. ಹುಬ್ಬಳ್ಳಿಯಿಂದ ಹೊರಟದ್ದರ ದೂರ ದ = ಸ; ಗದಗಿನಿಂದ ಬರುವುದರದು ದ = 60 − ಸ. ಎರಡೂ 30ನೇ ನಿಮಿಷಕ್ಕೆ 30ನೇ ಕಿಲೋಮೀಟರಿನಲ್ಲಿ ಎದುರಾಗುತ್ತವೆ. ಒಂಟಿ ಹಳಿಯ ಕಾಲದಲ್ಲಿ ಆ ಕೂಡುವ ಬಿಂದು ಒಂದು ಸ್ಟೇಷನ್ನಿನ ಗೆರೆಯ ಮೇಲೇ ಬೀಳಬೇಕಿತ್ತು. ಎರಡು ಸ್ಟೇಷನ್ನುಗಳ ನಡುವೆ ಬಿದ್ದರೆ ಆ ವೇಳಾಪಟ್ಟಿ ನಡೆಯದು. ಈಗ ಹುಬ್ಬಳ್ಳಿ ಗಾಡಿ 20 ನಿಮಿಷ ತಡವಾಗಿ ಹೊರಟಿತು. ಗೆರೆಯ ಓರೆ ಬದಲಾಗಲಿಲ್ಲ, ಇಡೀ ಗೆರೆ 20 ನಿಮಿಷ ಬಲಕ್ಕೆ ಸರಿಯಿತು. ಸಮೀಕರಣ ದ = ಸ − 20 ಆಯಿತು. ಎದುರಾಗುವುದು ಈಗ 40ನೇ ನಿಮಿಷಕ್ಕೆ, ಹುಬ್ಬಳ್ಳಿಯಿಂದ 20ನೇ ಕಿಲೋಮೀಟರಿನಲ್ಲಿ.

ಪಿಯುಸಿಗೆ ಹೋದ ಮಕ್ಕಳನ್ನು ಬಹಳ ಕಾಡುವ ಒಂದು ಸಂಗತಿಗೆ ಇಲ್ಲಿ ಉತ್ತರವಿದೆ. ಎಕ್ಸ್‌ನ ವರ್ಗದಿಂದ 4 ಕಳೆದರೆ ಪರವಲಯ ಕೆಳಗಿಳಿಯುತ್ತದೆ, ಅದು ಸರಿ ಎನಿಸುತ್ತದೆ. ಆದರೆ (ಎಕ್ಸ್ − 4)ರ ವರ್ಗ ತೆಗೆದರೆ ಪರವಲಯ ಬಲಕ್ಕೆ ಏಕೆ ಹೋಗುತ್ತದೆ, ಕಳೆಯುವುದೆಂದರೆ ಎಡಕ್ಕಲ್ಲವೇ? ನಿಯಮವೆಂದು ಬಾಯಿಪಾಠ ಮಾಡಿದವರು ಪರೀಕ್ಷೆಯ ದಿನ ಎಡಬಲ ಅದಲುಬದಲು ಮಾಡುತ್ತಾರೆ. ತಡವಾಗಿ ಹೊರಟ ರೈಲನ್ನು ನೋಡಿದವರು ಮಾಡುವುದಿಲ್ಲ: ಸಮಯದಿಂದ 20 ಕಳೆದದ್ದು ಆ ಗಾಡಿ 20 ನಿಮಿಷ ಕಾದದ್ದರಿಂದ, ಕಾದದ್ದೆಲ್ಲ ಗ್ರಾಫಿನಲ್ಲಿ ಬಲಕ್ಕೇ ಬೀಳುತ್ತದೆ.

ರೈಲಿನ ಗ್ರಾಫ್ ಇನ್ನೊಂದು ತಪ್ಪನ್ನೂ ಬಯಲಿಗೆ ತರುತ್ತದೆ. ಏರುವ ಗೆರೆ ಕಂಡರೆ ಗಾಡಿ ದಿಬ್ಬ ಹತ್ತುತ್ತಿದೆ ಎನ್ನುವ, ಅಡ್ಡ ಗೆರೆ ಕಂಡರೆ ಸಮತಟ್ಟು ರಸ್ತೆಯಲ್ಲಿ ಓಡುತ್ತಿದೆ ಎನ್ನುವ ಮಕ್ಕಳಿದ್ದಾರೆ. ಗ್ರಾಫನ್ನು ದಾರಿಯ ಚಿತ್ರವೆಂದು ನೋಡುವ ಈ ರೂಢಿ ಜಗತ್ತಿನ ಎಲ್ಲ ಕಡೆಯ ತರಗತಿಗಳಲ್ಲೂ ಇದೆ. ಕೋಷ್ಟಕ ಹಾಕಿ ಬಿಂದು ಗುರುತಿಸುವ ಅಭ್ಯಾಸ ಎಷ್ಟು ಮಾಡಿಸಿದರೂ ಇದು ಹೊರಗೆ ಬರುವುದಿಲ್ಲ, ಏಕೆಂದರೆ ಅಲ್ಲಿ ಗೆರೆಗೆ ಅರ್ಥ ಹೇಳು ಎಂದು ಯಾರೂ ಕೇಳುವುದಿಲ್ಲ.

ಇನ್ನು ಮೊಬೈಲಿನ ಮಾತು. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಶುರುಮಾಡಿದ ಜಿಯೋಜೀಬ್ರಾ ಇಂದು ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಜ್ಯದ ಇಲಾಖೆ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳ ಅನೇಕ ಗಣಿತ ಶಿಕ್ಷಕರು ಇದನ್ನು ಕಲಿತಿದ್ದಾರೆ. ಸಮೀಕರಣ ಬರೆದರೆ ಗೆರೆ ಮೂಡುತ್ತದೆ, ಗುಣಕ ಬದಲಿಸಿದರೆ ಗೆರೆ ಹೊರಳುತ್ತದೆ. ಒಳ್ಳೆಯ ಸಾಧನ. ಆದರೆ ಮೊದಲೇ ತೋರಿಸಿದರೆ ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡುತ್ತಾರೆ. ಊಹಿಸದೆ ನೋಡಿದ್ದು ಉಳಿಯುವುದಿಲ್ಲ. ಗುಂಡಿ ಒತ್ತುವ ಮೊದಲು ಪ್ರತಿಯೊಬ್ಬರೂ ಪಾಟಿಯ ಮೇಲೆ ತಮ್ಮ ಊಹೆಯ ಗೆರೆ ಎಳೆದಿರಬೇಕು. ಆಮೇಲೆ ಪರದೆ ನೋಡಲಿ. ಇಡೀ ಶಾಲೆಗೆ ಒಂದೇ ಫೋನಿದ್ದರೂ ಇದು ಸಾಧ್ಯ.

ಕೋಷ್ಟಕವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕೈಯಾರೆ ಬಿಂದು ಹಾಕದವನಿಗೆ ಗೆರೆ ಎಂದರೆ ಸಮೀಕರಣವನ್ನು ಒಪ್ಪುವ ಎಲ್ಲ ಬಿಂದುಗಳ ಗುಂಪು ಎಂಬುದು ತಿಳಿಯುವುದಿಲ್ಲ. ಶಿಕ್ಷಕರ ಸಮಯದ ಕಷ್ಟವೂ ನಿಜ. ಸಿಲೆಬಸ್ ಮುಗಿಸಬೇಕು, ಸರಣಿ ಪರೀಕ್ಷೆ ನಡೆಸಬೇಕು, ನಡುವೆ ಗಣತಿ, ಚುನಾವಣೆ. ಅಂಥವರಿಗೆ ಹೊಸ ಪಾಠವೊಂದನ್ನು ಹೊರಿಸಿದರೆ ಅದು ನಡೆಯುವುದಿಲ್ಲ. ನಾನು ಕೇಳುತ್ತಿರುವುದು ಕ್ರಮದ ಬದಲಾವಣೆ. ಪಾಠದ ಮೊದಲ ದಿನ ಅಂಕಿಯಿಲ್ಲದ ಗೆರೆ, ಅದರ ಬಗ್ಗೆ ಮಾತು, ಆಮೇಲೆ ಅಳತೆ ಮತ್ತು ಕೋಷ್ಟಕ, ಆಮೇಲೆ ಸಮೀಕರಣ, ಮತ್ತೆ ಸಮೀಕರಣದಿಂದ ಗೆರೆಗೆ ವಾಪಸು. ಈಗ ಮಾಡುತ್ತಿರುವುದು ಕೊನೆಯ ತುಂಡನ್ನು ಮಾತ್ರ.

ಆದರೂ ಶಾಲೆಯಲ್ಲಿ ಏನು ನಡೆಯಬೇಕೆಂದು ತೀರ್ಮಾನಿಸುವುದು ಕೊನೆಗೆ ಪ್ರಶ್ನೆಪತ್ರಿಕೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಆ ನಾಲ್ಕು ಅಂಕಗಳನ್ನು ಎರಡಾಗಿ ಒಡೆಯಲಿ. ಎರಡು ಅಂಕಕ್ಕೆ ಈಗಿನಂತೆ ಗೆರೆ ಎಳೆದು ಬಿಡಿಸುವ ಪ್ರಶ್ನೆ ಇರಲಿ. ನಾಲ್ಕರ ಭರವಸೆ ಎರಡಕ್ಕೆ ಇಳಿಯುತ್ತದೆ ನಿಜ, ಆದರೆ ಉಳಿದ ಎರಡೂ ಬಾಯಿಪಾಠದ ಪೆಟ್ಟಿಗೆಯಿಂದ ಹೊರಗೆ ಬಂದು ಹಳ್ಳಿಯ ಮಗುವಿನ ಕೈಗೆಟುಕುತ್ತವೆ. ಆ ಎರಡಕ್ಕೆ ಗೆರೆಯನ್ನು ಓದುವ ಪ್ರಶ್ನೆ ಬರಲಿ: ಕೃಷಿ ಹೊಂಡದಿಂದ ದಿನಾ ಒಂದೇ ಪ್ರಮಾಣದ ನೀರು ಎತ್ತುತ್ತಾರೆ, ನೀರಿನ ಆಳ ಇಳಿದದ್ದನ್ನು ಈ ನಾಲ್ಕು ನಕ್ಷೆಗಳಲ್ಲಿ ಯಾವುದು ತೋರಿಸುತ್ತದೆ, ಏಕೆ? ಇಂಥ ಪ್ರಶ್ನೆ ಒಮ್ಮೆ ಬಂದರೆ ಮರುವರ್ಷದ ಪಾಸಿಂಗ್ ಪ್ಯಾಕೇಜಿನಲ್ಲಿ ಅದೂ ಸೇರುತ್ತದೆ, ತಿರ್ಲಾಪುರದ ಮಕ್ಕಳು ಹೊಂಡದ ದಂಡೆಯ ಮೇಲೆ ನಿಂತು ಅದರ ಬಗ್ಗೆ ವಾದ ಮಾಡುತ್ತಾರೆ. ಮಂಡಳಿ ಅದನ್ನು ಬರುವ ಪತ್ರಿಕೆಯಲ್ಲೇ ಕೇಳಲಿ.